ಡೋಲು, ಡಿ.ಜೆ. ಮತ್ತು ಲಾಠಿ

(ಕುಂದಾಪುರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)

ಕರಾವಳಿಯ ಮದುವೆಗಳಿಗೆ ಮೆಹೆಂದಿ ಎಂಬ ಕಾರ್ಯಕ್ರಮ ಸೇರಿಕೊಂಡು ಬಹಳ ವರ್ಷಗಳೇನೂ ಆಗಿಲ್ಲ. ಹಿಂದೆ ಮನೆಯೊಳಗೆ ಹೆಂಗಸರು ಮದರಂಗಿ ಅರೆದು ಮದುಮಗಳ ಕೈಗೆ ಹಚ್ಚಿದರೆ ಮುಗಿಯುತ್ತಿತ್ತು. ಈಗ ಮದುಮಗನ ಮನೆಯಲ್ಲೂ ಅಂಗಳಕ್ಕೆ ಚಪ್ಪರ, ಬಣ್ಣದ ದೀಪ, ಊಟ, ಕುಣಿತ, ಜೊತೆಗೆ ಡಿ.ಜೆ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಮದುವೆ ಕಾಲದಲ್ಲಿ ಹೆದ್ದಾರಿಯ ಎರಡೂ ಬದಿಯಲ್ಲಿ ಕಿವಿಗೊಟ್ಟರೆ ಸಾಕು, ಯಾವ ಊರಿನಲ್ಲಿ ಯಾರ ಮನೆಯ ಮೆಹೆಂದಿ ಎಂದು ತಿಳಿಯುತ್ತದೆ. ಇದು ಒಳ್ಳೆಯದೇ ಕೆಟ್ಟದ್ದೇ ಎಂಬ ಚರ್ಚೆ ಬೇರೆ. ಆದರೆ ಎಲ್ಲ ಜಾತಿಯವರೂ ಮಾಡುವ ಈ ಗದ್ದಲಕ್ಕೆ ಎಲ್ಲರ ಅಂಗಳಕ್ಕೂ ಲಾಠಿ ಬರುವುದಿಲ್ಲ.

ಬಂದದ್ದು ಬ್ರಹ್ಮಾವರ ತಾಲ್ಲೂಕಿನ ಕೋಟತಟ್ಟು ಗ್ರಾಮದ ಕೊರಗ ಕಾಲೊನಿಗೆ, 2021ರ ಡಿಸೆಂಬರ್ 27ರ ರಾತ್ರಿ. ಕೊರಗ ಯುವಕನೊಬ್ಬನ ಮೆಹೆಂದಿ ನಡೆಯುತ್ತಿತ್ತು. ಧ್ವನಿವರ್ಧಕದ ಶಬ್ದ ಹೆಚ್ಚಾಗಿದೆ ಎಂಬ ದೂರು ಬಂದಿತ್ತೆಂದು ಪೊಲೀಸರು ಹೇಳಿದರು. ಧ್ವನಿ ಕಡಿಮೆ ಮಾಡಿದ ಮೇಲೂ ಒಳನುಗ್ಗಿ ಹೆಂಗಸರು, ವಯಸ್ಸಾದವರು ಎಂದು ನೋಡದೆ ಹೊಡೆದರು, ಮದುಮಗನನ್ನೂ ಬಿಡಲಿಲ್ಲ ಎಂದು ಕಾಲೊನಿಯವರು ದೂರಿದರು. ಸುದ್ದಿ ಮರುದಿನವೇ ರಾಜ್ಯವೆಲ್ಲ ಹರಡಿತು. ಠಾಣೆಯ ಸಬ್ ಇನ್ಸ್‌ಪೆಕ್ಟರ್ ಅಮಾನತಾದರು. ಇಷ್ಟಕ್ಕೇ ನಿಂತಿದ್ದರೆ ಅದು ಒಬ್ಬ ಅಧಿಕಾರಿಯ ದುಡುಕು ಎನಿಸಿಕೊಂಡು ಜನ ಮರೆಯುತ್ತಿದ್ದರೋ ಏನೋ. ಅಷ್ಟರಲ್ಲಿ ಏಟು ತಿಂದವರ ಮೇಲೆಯೇ ಪ್ರತಿದೂರು ದಾಖಲಾಯಿತು: ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದರು, ಅವರ ಮೇಲೆ ಕೈಮಾಡಿದರು ಎಂದು. ಆಗ ಊರಿನವರೂ ಎದ್ದರು. 2022ರ ಜನವರಿಯ ಮೊದಲ ದಿನ ಅಂದಿನ ಗೃಹ ಸಚಿವ ಆರಗ ಜ್ಞಾನೇಂದ್ರ ಕಾಲೊನಿಗೆ ಬಂದರು; ತನಿಖೆಯನ್ನು ಸಿಐಡಿಗೆ ಒಪ್ಪಿಸುವುದಾಗಿ ಪ್ರಕಟಿಸಿದರು. ಅಂದಿನ ಸಮಾಜ ಕಲ್ಯಾಣ ಸಚಿವರು ಕೋಟದವರೇ ಆದ ಕೋಟ ಶ್ರೀನಿವಾಸ ಪೂಜಾರಿ. ಇಷ್ಟು ಹತ್ತಿರದಲ್ಲಿ ಸರ್ಕಾರವಿದ್ದ ಊರಿನಲ್ಲೇ ಇದು ನಡೆದದ್ದು.

ಈ ಪ್ರಕರಣದ ತೂಕ ಅರಿಯಬೇಕಾದರೆ ಏಟು ತಿಂದವರು ಯಾರು ಎಂಬುದನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಕೊರಗರು ಕರಾವಳಿಯ ಮೂಲನಿವಾಸಿಗಳು. ಕಾಡಿನ ಬೀಳಿನಿಂದ ಬುಟ್ಟಿ, ಕುಕ್ಕೆ ಹೆಣೆಯುವುದು ಅವರ ಕುಲಕಸುಬು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅವರ ಸಂಖ್ಯೆ 15 ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಕೇಂದ್ರ ಸರ್ಕಾರ ವಿಶೇಷವಾಗಿ ದುರ್ಬಲವೆಂದು ಗುರುತಿಸಿದ ಬುಡಕಟ್ಟುಗಳಲ್ಲಿ ಕರ್ನಾಟಕದವು ಎರಡೇ: ಒಂದು ಜೇನುಕುರುಬ, ಇನ್ನೊಂದು ಕೊರಗ. ಅವರಿಗೆ ತಮ್ಮದೇ ಆದ ದ್ರಾವಿಡ ನುಡಿಯೊಂದಿದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು 1971ರಲ್ಲಿಯೇ ಅದರ ಮೇಲೊಂದು ಪುಸ್ತಕ ಬರೆದರು. ಅಕ್ಕಪಕ್ಕದ ಮನೆಯವರಿಗೆ ಆ ಭಾಷೆಯ ಹೆಸರೂ ತಿಳಿಯದಿದ್ದ ಕಾಲ ಅದು.

ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯದ ಮುಖ್ಯಸ್ಥರಾಗಿದ್ದ ಎಡ್ಗರ್ ಥರ್ಸ್ಟನ್ 1909ರಲ್ಲಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಬಗ್ಗೆ ಏಳು ಸಂಪುಟಗಳ ಗ್ರಂಥ ಹೊರತಂದರು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದ ಜಿಲ್ಲೆ. ಆ ಗ್ರಂಥದಲ್ಲಿ ‘ಅಂಡೆ ಕೊರಗ’ರೆಂಬ ಪಂಗಡದ ಉಲ್ಲೇಖವಿದೆ. ಸಾರ್ವಜನಿಕ ರಸ್ತೆಯಲ್ಲಿ ಉಗುಳಬಾರದೆಂದು ಅವರು ಕುತ್ತಿಗೆಗೆ ಅಂಡೆ, ಎಂದರೆ ಪಾತ್ರೆ, ಕಟ್ಟಿಕೊಂಡು ನಡೆಯಬೇಕಿತ್ತಂತೆ. ಥರ್ಸ್ಟನ್‌ಗೆ ಇನ್ನೊಂದು ಹವ್ಯಾಸವಿತ್ತು. ಮನುಷ್ಯರ ಮೂಗು, ತಲೆಬುರುಡೆಗಳನ್ನು ಅಳತೆಪಟ್ಟಿಯಿಂದ ಅಳೆದು ಜನಾಂಗವನ್ನು ಗೊತ್ತುಮಾಡುವುದು. ಅಪರಾಧಿಗಳನ್ನು ಗುರುತಿಸಲು ಇದೇ ಅಳತೆಯ ವಿದ್ಯೆಯನ್ನು ಮದರಾಸಿನ ಪೊಲೀಸರಿಗೂ ಅವರು ಕಲಿಸಿದರು. ಜನಾಂಗಶಾಸ್ತ್ರ ಮತ್ತು ಪೊಲೀಸ್ ಠಾಣೆ ಈ ದೇಶದಲ್ಲಿ ಒಂದೇ ಅಳತೆಪಟ್ಟಿ ಹಿಡಿದು ಓಡಾಡಿದ ಕಾಲ ಅದು. ಕೆಲವು ಸಮುದಾಯಗಳು ಹುಟ್ಟಿನಿಂದಲೇ ಅಪರಾಧಿಗಳು ಎಂದು ಸಾರಿದ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ಮದರಾಸು ಪ್ರಾಂತ್ಯಕ್ಕೂ ವಿಸ್ತರಿಸಿತು. ದೇಶವ್ಯಾಪಿಯಾಗಿ ಅದು ರದ್ದಾದದ್ದು 1952ರ ಆಗಸ್ಟ್ 31ರಂದು. ಕಾಯ್ದೆ ಹೋದರೂ ಕಣ್ಣಿನ ಅಭ್ಯಾಸ ಹೋಗಲಿಲ್ಲ. ಸೆರೆಮನೆಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು, ಗಣರಾಜ್ಯಕ್ಕೆ ಮುಕ್ಕಾಲು ಶತಮಾನ ಆಗುವ ಹೊತ್ತಿಗೆ!

ಕೊರಗರ ಮಟ್ಟಿಗೆ ಹಳೆಯದೆಲ್ಲ ಬ್ರಿಟಿಷರ ಕಾಲಕ್ಕೇ ಮುಗಿದಿರಲಿಲ್ಲ ಎಂಬುದಕ್ಕೆ ರಾಜ್ಯದ ಶಾಸನವೇ ಸಾಕ್ಷಿ. ಅಜಲು ಪದ್ಧತಿಯನ್ನು ನಿಷೇಧಿಸುವ ಕಾಯ್ದೆ ಬಂದದ್ದು 2000ದಲ್ಲಿ. ಅದರಲ್ಲಿ ಏನೇನು ನಿಷೇಧಿಸಲಾಗಿದೆ ಎಂದು ಓದಿದರೆ ಮೈ ಜುಮ್ಮೆನ್ನುತ್ತದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು. ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಓಡಿಸುವುದು. ಕೂಲಿಯಿಲ್ಲದೆ ಅಥವಾ ಹೆಸರಿಗಷ್ಟೇ ಕೂಲಿ ಕೊಟ್ಟು ದುಡಿಸುವುದು. ನಡೆಯದ್ದನ್ನು ಯಾವ ಶಾಸನಸಭೆಯೂ ನಿಷೇಧಿಸುವುದಿಲ್ಲ.

ಡೋಲಿನ ಮಾತು ಇಲ್ಲಿ ಬರುತ್ತದೆ. ಕಂಬಳವಿರಲಿ, ಊರಿನ ಉತ್ಸವವಿರಲಿ, ಕೊರಗರು ಡೋಲು ಬಾರಿಸಬೇಕೆಂಬುದು ಕಟ್ಟಳೆಯಾಗಿತ್ತು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಮಂಜಿನಲ್ಲಿ ಕುಳಿತು ಬೆಳಗಿನವರೆಗೆ ಬಾರಿಸಬೇಕಿತ್ತು. ಆ ಶಬ್ದದಿಂದ ಯಾರಿಗಾದರೂ ನಿದ್ದೆ ಕೆಟ್ಟಿತೆಂದು ಠಾಣೆಗೆ ದೂರು ಹೋದದ್ದನ್ನು ಯಾರೂ ಕೇಳಿಲ್ಲ. ಇನ್ನೊಬ್ಬರ ಸಂಭ್ರಮಕ್ಕೆ ಕೊರಗರು ರಾತ್ರಿಯಿಡೀ ಬಾರಿಸಿದರೆ ಅದು ಸಂಪ್ರದಾಯ. ತಮ್ಮ ಮನೆಯ ಸಂಭ್ರಮಕ್ಕೆ ಬಾಡಿಗೆಯ ಡಿ.ಜೆ. ತಂದರೆ ಅದು ಶಾಂತಿಭಂಗ. ಕೋಟತಟ್ಟಿನ ಘಟನೆಯ ತಿರುಳು ಇಲ್ಲಿದೆ.

ಕೋಟ ಶಿವರಾಮ ಕಾರಂತರ ಹುಟ್ಟೂರು. 1902ರಲ್ಲಿ ಅವರು ಹುಟ್ಟಿದ್ದು ಇಲ್ಲಿಯೇ. 1933ರ ‘ಚೋಮನ ದುಡಿ’ಯಲ್ಲಿ ಸ್ವಂತ ಗದ್ದೆಯಲ್ಲಿ ಬೇಸಾಯ ಮಾಡಬೇಕೆಂದು ಹಂಬಲಿಸಿದ ಅಸ್ಪೃಶ್ಯನೊಬ್ಬನ ಕಥೆಯನ್ನು ಅವರು ಹೇಳಿದರು. ಕಾರಂತರ ಹೆಸರಿನ ಥೀಮ್ ಪಾರ್ಕ್ ಇರುವುದು ಇದೇ ಕೋಟತಟ್ಟಿನಲ್ಲಿ. ದುಡಿಯ ಕಥೆಗೆ ಸ್ಮಾರಕ ಕಟ್ಟಿದ ಊರಿನಲ್ಲೇ ಇನ್ನೊಂದು ಸದ್ದಿನ ಕಥೆ ಹೀಗೆ ನಡೆಯಿತು.

ಕಾನೂನಿನ ಮಾತಿಗೆ ಬರೋಣ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ವಾಸಸ್ಥಳಗಳಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ನಿಯಮ ಎಲ್ಲರಿಗೂ ಒಂದೇ. ಕೊರಗರಿಗೆ ವಿನಾಯಿತಿ ಬೇಕೆಂದು ಯಾರೂ ಕೇಳಿಲ್ಲ. ಇದೇ ನಿಯಮ ಬಯಲಾಟಕ್ಕೂ ಅಡ್ಡ ಬಂದದ್ದುಂಟು. 2022ರ ನಂತರ ಕಟೀಲು ಮೇಳದ ಇಡೀ ರಾತ್ರಿಯ ಆಟ ಕಾಲಮಿತಿಗೆ ಇಳಿದಾಗ ಎಷ್ಟು ಸಭೆಗಳಾದವು, ಎಷ್ಟು ಮನವಿ ಹೋದವು, ಪ್ರಶ್ನೆ ಹೈಕೋರ್ಟಿನವರೆಗೆ ಏರಿತು! ಹಾಗೆ ಆಗಬೇಕಾದದ್ದೇ. ನಿಯಮ ಜಾರಿಗೆ ಅದು ಸರಿಯಾದ ದಾರಿ. ಮೀರಿದವರಿಗೆ ನೋಟಿಸು, ಉಪಕರಣದ ಜಪ್ತಿ, ಮೊಕದ್ದಮೆ, ದಂಡ ಎಂಬ ಕ್ರಮಗಳಿವೆ. ಮದುಮಗನಿಗೆ ಲಾಠಿ ಬೀಸುವುದು ಆ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ.

ಅಮೆರಿಕದ ಕರಿಯ ಕುಟುಂಬಗಳಲ್ಲಿ ಒಂದು ರೂಢಿಯಿದೆ. ಮಗ ಹದಿಹರೆಯಕ್ಕೆ ಬಂದಾಗ ತಂದೆತಾಯಿ ಅವನನ್ನು ಕೂರಿಸಿಕೊಂಡು, ಪೊಲೀಸರು ಕಾರು ನಿಲ್ಲಿಸಿದರೆ ಹೇಗೆ ನಡೆದುಕೊಳ್ಳಬೇಕೆಂದು ಹೇಳಿಕೊಡುತ್ತಾರೆ. ಎರಡೂ ಕೈ ಕಾಣುವಂತಿಡು, ಥಟ್ಟನೆ ಜೇಬಿಗೆ ಕೈಹಾಕಬೇಡ, ಎದುರುತ್ತರ ಕೊಡಬೇಡ. ಬಿಳಿಯರ ಮನೆಗಳಲ್ಲಿ ಈ ಪಾಠ ಅಷ್ಟಾಗಿ ನಡೆಯುವುದಿಲ್ಲ. 2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತಾಗ ಈ ಪಾಠದ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಭಾರತದಲ್ಲಿಯೂ ಜನ ಮರುಗಿದರು, ಮೊಬೈಲಿನಲ್ಲಿ ಬರೆದುಕೊಂಡರು. ಜಾತಿಯೂ ಜನಾಂಗವೂ ಒಂದೇ ಅಲ್ಲ ಎಂಬುದು ನಿಜ. 2001ರಲ್ಲಿ ಡರ್ಬನ್ ನಗರದಲ್ಲಿ ವಿಶ್ವಸಂಸ್ಥೆ ಜನಾಂಗಭೇದದ ವಿರುದ್ಧ ನಡೆಸಿದ ಸಮ್ಮೇಳನದಲ್ಲಿ ಜಾತಿಯನ್ನು ಸೇರಿಸಬಾರದೆಂದು ಭಾರತ ಸರ್ಕಾರ ಪಟ್ಟು ಹಿಡಿದಿತ್ತು. ಮರುವರ್ಷ ವಿಶ್ವಸಂಸ್ಥೆಯ ಸಮಿತಿಯೊಂದು, ಹುಟ್ಟಿನ ಆಧಾರದ ಭೇದವೂ ತನ್ನ ವ್ಯಾಪ್ತಿಗೆ ಬರುತ್ತದೆಂದು ಹೇಳಿತು. ಪಂಡಿತರ ಈ ವಾದ ಏನೇ ಇರಲಿ, ಪೊಲೀಸ್ ಜೀಪು ಕಂಡಾಗ ಒಂದು ಕೇರಿಯ ಎದೆ ಹೊಡೆದುಕೊಳ್ಳುವ ರೀತಿಯೂ ಇನ್ನೊಂದು ಕೇರಿಯದೂ ಒಂದೇ ಅಲ್ಲ.

ಕುಂದಾಪುರದ ಕಡೆ ಈ ವ್ಯತ್ಯಾಸವನ್ನು ತಿಳಿಯಲು ಒಂದು ಸುಲಭದ ದಾರಿಯಿದೆ. ಠಾಣೆಯ ಬಾಗಿಲಲ್ಲಿ ನಿಂತು ಸರ್ವನಾಮಗಳನ್ನು ಕೇಳಬೇಕು. ‘ಹ್ವಾಯ್, ಎಂತ ಬಂದದ್ದ್’ ಎಂದು ಯಾರನ್ನು ವಿಚಾರಿಸುತ್ತಾರೆ, ‘ಏನೋ, ಯಾಕೋ ಬಂದೆ’ ಎಂದು ಯಾರನ್ನು ಗದರಿಸುತ್ತಾರೆ? ಬಹುವಚನ ಸಿಗುವವನ ಕೈಯಲ್ಲಿ ಸಾಮಾನ್ಯವಾಗಿ ಒಂದು ಫೋನ್ ನಂಬರೂ ಇರುತ್ತದೆ: ಶಾಸಕರದ್ದು, ಅವರ ಆಪ್ತರದ್ದು, ಪಕ್ಷದ ಮಂಡಲ ಅಧ್ಯಕ್ಷರದ್ದು, ಇಲ್ಲವೇ ಸಂಘಟನೆಯ ಮುಖಂಡರದ್ದು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದವನು ದಂಡ ಕಟ್ಟುವ ಮೊದಲು ಫೋನ್ ತೆಗೆಯುತ್ತಾನೆ. ಕರಾವಳಿಯಲ್ಲಿ ಪೊಲೀಸರನ್ನು ಎದುರಿಸುವಾಗ ವೈಯಕ್ತಿಕ ಎಚ್ಚರಿಕೆ ಎಂಬುದರ ಅರ್ಥ ಬಹುಮಟ್ಟಿಗೆ ಇಷ್ಟೇ ಆಗಿಹೋಗಿದೆ. ಫೋನ್ ಮಾಡಲು ಯಾರೂ ಇಲ್ಲದವನಿಗೆ ಉಳಿಯುವುದು ತಲೆ ತಗ್ಗಿಸುವುದು ಅಥವಾ ಓಡುವುದು. ಓಡಿದರೆ ಅನುಮಾನ, ನಿಂತರೆ ಏಟು.

ಇದನ್ನು ಪೊಲೀಸರ ಮೇಲಷ್ಟೇ ಹೊರಿಸುವುದೂ ನ್ಯಾಯವಲ್ಲ. ಹಬ್ಬಕ್ಕೆ ರಜೆಯಿಲ್ಲದೆ, ಬಂದೋಬಸ್ತಿನ ಮೇಲೆ ಬಂದೋಬಸ್ತು ಮಾಡುತ್ತ ದಣಿದ ಕಾನ್‌ಸ್ಟೇಬಲ್ಲನಿಗೂ ಮೇಲಿನಿಂದ ಏಕವಚನವೇ ಸಿಗುವುದು. ಮುಖಂಡರ ಮಾತು ಮೀರಿದ ಅಧಿಕಾರಿಗೆ ವರ್ಗಾವಣೆ ಕಾದಿರುತ್ತದೆ. ಠಾಣಾಧಿಕಾರಿಗಳಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಬೇಕು, ಪೊಲೀಸರ ಮೇಲಿನ ದೂರು ಕೇಳಲು ಪ್ರತ್ಯೇಕ ಪ್ರಾಧಿಕಾರ ಬೇಕು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಆದೇಶಿಸಿತ್ತು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಅಂಥ ಪ್ರಾಧಿಕಾರಕ್ಕೆ ಅವಕಾಶ ಮಾಡಿತು. ಅದೊಂದಿದೆಯೆಂದು ಬೈಂದೂರಿನ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಜನರಿಗೆ ಗೊತ್ತು?

ಹೊಡೆದು ಕೆಲಸ ಸಾಧಿಸುವ ಚಾಳಿಗೂ ಒಂದು ಚರಿತ್ರೆಯಿದೆ. ಮದರಾಸು ಪ್ರಾಂತ್ಯದಲ್ಲಿ ಕಂದಾಯ ವಸೂಲಿಗೂ ತಪ್ಪೊಪ್ಪಿಗೆಗೂ ಚಿತ್ರಹಿಂಸೆ ಕೊಡುತ್ತಾರೆಂಬ ದೂರುಗಳು ಲಂಡನ್ನಿನ ಸಂಸತ್ತಿನವರೆಗೆ ಹೋದಾಗ ಆಯೋಗವೊಂದು ನೇಮಕವಾಗಿ 1855ರಲ್ಲಿ ವರದಿ ಕೊಟ್ಟಿತು. ದೂರು ನಿಜವೆಂದು ಅದು ಒಪ್ಪಿತು. ಕಂದಾಯದವರೂ ಪೊಲೀಸರೂ ಒಬ್ಬರೇ ಆಗಿದ್ದುದು ಒಂದು ಕಾರಣವೆಂದು ಕಂಡುಬಂದು, 1859ರಲ್ಲಿ ಮದರಾಸಿಗೆ ಪ್ರತ್ಯೇಕ ಪೊಲೀಸ್ ಕಾಯ್ದೆ ಬಂತು. ಇಡೀ ದೇಶದ 1861ರ ಪೊಲೀಸ್ ಕಾಯ್ದೆ ಅದರ ಬೆನ್ನಿಗೆ. ಇಲಾಖೆ ಬೇರೆಯಾಯಿತು, ಸಮವಸ್ತ್ರ ಬಂತು.

ಎಚ್ಚರಿಕೆಯೆಂಬುದು ಕೊರಗರಿಗಷ್ಟೇ ಬೇಕಾದದ್ದೂ ಅಲ್ಲ. ಪಶ್ಚಿಮ ಘಟ್ಟದ ತಪ್ಪಲಿನಲ್ಲಿ ನಕ್ಸಲ್ ಹುಡುಕಾಟ ನಡೆದ ವರ್ಷಗಳಲ್ಲಿ ಕಾಡಂಚಿನ ಆದಿವಾಸಿಗಳು ಎರಡು ಬಂದೂಕುಗಳ ನಡುವೆ ಬದುಕಿದರು. ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಮಲೆಕುಡಿಯ ಯುವಕನೊಬ್ಬ ಪತ್ರಿಕೋದ್ಯಮದ ವಿದ್ಯಾರ್ಥಿಯಾಗಿದ್ದಾಗ, 2012ರ ಮಾರ್ಚಿನಲ್ಲಿ ತಂದೆಯೊಡನೆ ಬಂಧಿತನಾದ. ಮನೆಯಲ್ಲಿ ಸಿಕ್ಕವೆಂದು ತೋರಿಸಿದ ಸಾಮಗ್ರಿಗಳಲ್ಲಿ ಭಗತ್ ಸಿಂಗನ ಕುರಿತ ಪುಸ್ತಕವೂ ಇತ್ತು. ಮಂಗಳೂರಿನ ನ್ಯಾಯಾಲಯ ಇಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿದ್ದು 2021ರ ಅಕ್ಟೋಬರಿನಲ್ಲಿ, ಒಂಬತ್ತೂವರೆ ವರ್ಷದ ಮೇಲೆ. ಆ ಹೊತ್ತಿಗೆ ಅವನು ಓದು ಮುಗಿಸಿ ಪತ್ರಕರ್ತನಾಗಿದ್ದ. ಹೊರಗಿನಿಂದ ದುಡಿಯಲು ಬಂದವರ ಪಾಡು ಇನ್ನೂ ಬೇರೆ. 2024ರ ನವೆಂಬರಿನಲ್ಲಿ ಬ್ರಹ್ಮಾವರ ಠಾಣೆಗೆ ದೂರೊಂದರ ಮೇಲೆ ಕರೆತಂದಿದ್ದ ಕೇರಳದ ಕಾರ್ಮಿಕನೊಬ್ಬ ಲಾಕಪ್ಪಿನಲ್ಲಿ ಸತ್ತ. ಆ ತನಿಖೆಯೂ ಸಿಐಡಿಗೆ ಹೋಯಿತು. ಅವನ ಮೇಲಿದ್ದ ದೂರು ಎಷ್ಟೇ ಗಂಭೀರವಾಗಿದ್ದರೂ ವಿಚಾರಣೆ ನಡೆಯಬೇಕಾದದ್ದು ನ್ಯಾಯಾಲಯದಲ್ಲಿ.

ಹಾಗಾದರೆ ಫೋನ್ ನಂಬರಿಲ್ಲದವನು ಏನು ಮಾಡಬೇಕು? ಕಾನೂನು ಅವನಿಗೂ ಕೆಲವು ಹಿಡಿಗಳನ್ನು ಕೊಟ್ಟಿದೆ. 1996ರ ಡಿಸೆಂಬರಿನಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹನ್ನೊಂದು ಸೂಚನೆಗಳನ್ನು ಕೊಟ್ಟಿತು. ಅವುಗಳ ಬಹುಭಾಗ ಈಗ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೊಳಗೇ ಸೇರಿದೆ. ಬಂಧಿಸುವ ಪೊಲೀಸನ ಹೆಸರು ಎದೆಯ ಮೇಲೆ ಕಾಣುವಂತಿರಬೇಕು. ಬಂಧನದ ಕಾರಣ ಹೇಳಬೇಕು. ಬಂಧನದ ಪತ್ರಕ್ಕೆ ಮನೆಯವರೋ ಊರಿನ ಗೌರವಸ್ಥರೋ ಸಾಕ್ಷಿ ಹಾಕಬೇಕು. ಮನೆಗೆ ಸುದ್ದಿ ಮುಟ್ಟಿಸಬೇಕು. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ದಾರಿಯ ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಅಸಾಧಾರಣ ಸಂದರ್ಭದಲ್ಲಿ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದೇ ಬರಬೇಕು. ಸಾಕ್ಷಿ ಹೇಳಲೆಂದು ಹೆಂಗಸರನ್ನು ಅವರ ಮನೆ ಬಿಟ್ಟು ಬೇರೆಡೆಗೆ ಬರಲು ಒತ್ತಾಯಿಸುವಂತಿಲ್ಲ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಹಿ ಹಾಕುವ ಅಗತ್ಯವೇ ಇಲ್ಲ. ಖಾಲಿ ಕಾಗದಕ್ಕಂತೂ ಯಾವ ಕಾರಣಕ್ಕೂ ಹಾಕಬಾರದು.

ಇವನ್ನೆಲ್ಲ ಠಾಣೆಯಲ್ಲಿ ನಿಂತು ಕಲಮು ಸಮೇತ ಒಪ್ಪಿಸಿದರೆ ‘ದೊಡ್ಡ ವಕೀಲ ಬಂದ’ ಎಂಬ ಬೈಗಳು ಸಿಗಬಹುದು, ಅದರ ಮೇಲೊಂದು ಏಟೂ. ಆದ್ದರಿಂದ ಹಳಬರಾದ ವಕೀಲರು ಹೇಳುವ ಬುದ್ಧಿಮಾತು ಬೇರೆ ತೆರನದು. ಆ ಗಳಿಗೆಯಲ್ಲಿ ವಾದ ಬೇಡ, ಕೈಮೀರಿದ ಮಾತು ಬೇಡ, ಓಡುವುದಂತೂ ಬೇಡವೇ ಬೇಡ. ಹೆಸರು, ಹೊತ್ತು, ಜೀಪಿನ ನಂಬರು, ಅಲ್ಲಿದ್ದವರು ಯಾರು ಎಂಬುದನ್ನು ನೆನಪಿಟ್ಟುಕೊಳ್ಳಬೇಕು. ಏಟು ಬಿದ್ದಿದ್ದರೆ ನೋವು ಕಡಿಮೆಯಾಗಲೆಂದು ಮನೆಯಲ್ಲಿ ಎಣ್ಣೆ ತಿಕ್ಕಿ ಮಲಗದೆ ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಗಾಯ ಹೇಗಾಯಿತೆಂದು ವೈದ್ಯರಿಗೆ ಹೇಳಿ ದಾಖಲೆ ಮಾಡಿಸಬೇಕು. ನಾಚಿಕೆಯಿಂದ ಬಿದ್ದೆ, ಜಾರಿದೆ ಎಂದು ಹೇಳಿದರೆ ಮುಂದೆ ಯಾವ ನ್ಯಾಯಾಧೀಶರೂ ಸಹಾಯ ಮಾಡಲಾರರು. ಮ್ಯಾಜಿಸ್ಟ್ರೇಟರ ಮುಂದೆ ನಿಂತಾಗ ಹೊಡೆದದ್ದನ್ನು ಅಲ್ಲಿಯೇ ಬಾಯಿಬಿಟ್ಟು ಹೇಳಬೇಕು. ದೂರು ಬರೆದುಕೊಡುವುದಕ್ಕೆ ತಡಮಾಡಬಾರದು, ಏಕೆಂದರೆ ಕೋಟತಟ್ಟಿನಲ್ಲಿ ಆದಂತೆ ಪ್ರತಿದೂರು ಬರುವುದು ಹೊಸದೇನಲ್ಲ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಬಹುದು. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೆಯ ಕಲಮಿನ ಪ್ರಕಾರ ಪರಿಶಿಷ್ಟರ ದೂರನ್ನು ಬೇಕೆಂದೇ ದಾಖಲಿಸದ ಅಧಿಕಾರಿಯೇ ಅಪರಾಧಿಯಾಗುತ್ತಾನೆ.

ಕೋಟತಟ್ಟಿನವರು ಈ ಪೈಕಿ ಹಲವನ್ನು ಮಾಡಿದರೆಂಬುದು ಗಮನಿಸಬೇಕಾದ ಸಂಗತಿ. ಅವರು ಅಡಗಲಿಲ್ಲ. ಮರುದಿನವೇ ಪತ್ರಕರ್ತರ ಮುಂದೆ ಗಾಯ ತೋರಿಸಿ ಮಾತನಾಡಿದರು. ಅದರ ಹಿಂದೆ ಮೂರು ದಶಕಗಳ ಸಂಘಟನೆಯ ಕೆಲಸವಿದೆ. 1990ರ ದಶಕದಿಂದ ಕೊರಗರ ಸಂಘಗಳು ಭೂಮಿ ಕೇಳುತ್ತ ಬಂದಿವೆ. ಮಹಮ್ಮದ್ ಪೀರ್ ವರದಿ ಕುಟುಂಬಕ್ಕೆ ಎರಡೂವರೆ ಎಕರೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಪ್ರತಿವರ್ಷ ಆಗಸ್ಟ್ 18ರಂದು ಭೂಮಿ ಹಬ್ಬ ಆಚರಿಸುತ್ತಾರೆ. ಕೋಟದ ನೆರೆಯ ಗುಂಡ್ಮಿಯ ಸಬಿತಾ ಎಂಬ ಕೊರಗ ಹೆಣ್ಣುಮಗಳು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿಯಾದರು. ಅಂಡೆ ಕಟ್ಟಿಸಿಕೊಂಡವರ ಮೊಮ್ಮಕ್ಕಳು ಅರ್ಜಿ ಬರೆಯಬಲ್ಲರು, ಪ್ರಶ್ನೆ ಕೇಳಬಲ್ಲರು. ಡಿ.ಜೆ.ಯ ಸದ್ದಿಗಿಂತ ಈ ಸದ್ದೇ ಹೆಚ್ಚು ಕಿವಿಗೆ ತಾಗಿತೋ ಎಂಬ ಅನುಮಾನ ಬಾರದಿರದು.

ಕೊನೆಯದಾಗಿ ಒಂದು ಪ್ರಾಯೋಗಿಕ ಮಾತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ, ಹೆಂಗಸರಿಗೆ, ಮಕ್ಕಳಿಗೆ ಮತ್ತು ಪೊಲೀಸ್ ವಶದಲ್ಲಿರುವ ಯಾರಿಗೇ ಆಗಲಿ, ವರಮಾನದ ಮಿತಿಯಿಲ್ಲದೆ ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ತಾಲ್ಲೂಕಿನ ಕಾನೂನು ಸೇವಾ ಸಮಿತಿಯಲ್ಲಿ ಒಂದು ಅರ್ಜಿ ಕೊಟ್ಟರೆ ಸಾಕು. ದೂರವಾಣಿ ಸಂಖ್ಯೆ 15100. ಶಾಸಕರ ನಂಬರು ಇಲ್ಲದವರು ಇದನ್ನು ಬಾಗಿಲ ಹಿಂದೆ ಸುಣ್ಣದಲ್ಲಿ ಬರೆದಿಟ್ಟುಕೊಳ್ಳಬಹುದು.